ಶಾರ್ಕನ್ನು ಶಾರ್ಕಾಗಿರಲು ಬಿಡಿ

ಕ್ಯಾಲಿಫೋರ್ನಿಯಾದ ಬರ್ಬ್ಯಾಂಕಿನಲ್ಲಿರುವ ‘ದಿ ಅಸೈಲಮ್’ ಸಂಸ್ಥೆಯವರಿಗೆ, ಸೈಫೈ ಚಾನೆಲ್ಲಿನವರಿಗೆ, ಮತ್ತು ಕಡಿಮೆ ದುಡ್ಡಿನಲ್ಲಿ ಟಿವಿಗಾಗಿ ಕೊಲೆಗಡುಕ ಪ್ರಾಣಿಗಳ ಸಿನಿಮಾ ಮಾಡುವ ಎಲ್ಲರಿಗೂ ಒಂದು ಬಹಿರಂಗ ಪತ್ರ.

ಮಾನ್ಯರೇ,

ನಿಮ್ಮನ್ನು ಗೇಲಿ ಮಾಡಲು ಈ ಕಾಗದ ಬರೆಯುತ್ತಿಲ್ಲ. ಆ ಕೆಲಸಕ್ಕೆ ಜನರ ಕೊರತೆ ಎಂದೂ ಇರಲಿಲ್ಲ. 2013ರ ಜುಲೈ 11ರ ರಾತ್ರಿ ‘ಶಾರ್ಕ್‌ನೇಡೊ’ ಮೊದಲ ಸಲ ಪ್ರಸಾರವಾದಾಗ ಟಿವಿ ಮುಂದೆ ಕೂತು ನೋಡಿದವರು ಸುಮಾರು 14 ಲಕ್ಷ ಜನ. ಟ್ವಿಟರ್ ತುಂಬ ಅಂದು ಅದೇ ಮಾತು, ಅದೇ ನಗು. ಸುಂಟರಗಾಳಿ ಸಮುದ್ರದಿಂದ ಶಾರ್ಕುಗಳನ್ನು ಎತ್ತಿ ತಂದು ಲಾಸ್ ಏಂಜಲಿಸ್ ನಗರದ ಮೇಲೆ ಸುರಿಯುತ್ತದೆ. ನಾಯಕ ಯಂತ್ರಗರಗಸ ಹಿಡಿದು ಶಾರ್ಕಿನ ಬಾಯೊಳಕ್ಕೆ ಹಾರಿ, ಒಳಗಿನಿಂದ ಸೀಳಿಕೊಂಡು ಹೊರಗೆ ಬರುತ್ತಾನೆ. ಮಾರನೇ ವರ್ಷ ಎರಡನೇ ಭಾಗ ಬಂದಾಗ 39 ಲಕ್ಷ ಜನ ಕಾದು ಕೂತಿದ್ದರು. 2018ರ ಹೊತ್ತಿಗೆ ಆರು ಭಾಗಗಳಾದವು. ಇಷ್ಟು ಜನರನ್ನು ಕರೆದು ಕೂರಿಸಿಕೊಳ್ಳಬಲ್ಲವರ ಹತ್ತಿರ ಯಾರಾದರೂ ಗಂಭೀರವಾಗಿ ಮಾತಾಡಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಈ ಜಾತಿಯ ಸಿನಿಮಾಗಳನ್ನು ನಾನು ಪ್ರೀತಿಯಿಂದ ನೋಡುವವನು. ಆ ಪ್ರೀತಿಯ ಸಲುಗೆಯಲ್ಲೇ ಒಂದು ತಕರಾರು: ನಿಮ್ಮ ಚಿತ್ರಗಳಲ್ಲಿ ರಕ್ತ ಇದೆ, ಕಿರುಚಾಟ ಇದೆ, ಸಾಲುಸಾಲು ಹಲ್ಲುಗಳಿವೆ. ಪ್ರಾಣಿ ಮಾತ್ರ ಇಲ್ಲ.

ದುಡ್ಡಿನ ಮಾತನ್ನು ಮೊದಲು ಮುಗಿಸಿಬಿಡೋಣ. ಕಡಿಮೆ ಖರ್ಚು ನಿಮ್ಮ ತಪ್ಪಲ್ಲ, ಅದು ನಿಮ್ಮ ಹೆಚ್ಚುಗಾರಿಕೆ. ‘ಶಾರ್ಕ್‌ನೇಡೊ’ದ ಚಿತ್ರೀಕರಣ 18 ದಿನಗಳಲ್ಲಿ ಮುಗಿಯಿತು. ಅದರ ನಾಯಕ ನಟ ಇಯಾನ್ ಝೀರಿಂಗ್ ಮೊದಲು ಒಲ್ಲೆ ಎಂದವರು. ಮನೆಯಲ್ಲಿ ಹೆಂಡತಿ ಗರ್ಭಿಣಿ, ನಟರ ಸಂಘದ ಆರೋಗ್ಯ ವಿಮೆ ಕೈತಪ್ಪದಿರಬೇಕಾದರೆ ದುಡಿಮೆ ಬೇಕಿತ್ತು, ಅದಕ್ಕಾಗಿ ಒಪ್ಪಿಕೊಂಡೆ ಎಂದು ಆಮೇಲೆ ಅವರೇ ಹೇಳಿಕೊಂಡರು. ಅದನ್ನು ತಿಳಿದ ಮೇಲೆ ಆ ಮನುಷ್ಯ ಗರಗಸ ಎತ್ತಿದಾಗಲೆಲ್ಲ ನನಗೆ ಗೌರವ ಹುಟ್ಟುತ್ತದೆ. ಕಂಪನಿ ನಾಟಕಗಳ ನಾಡಿನಿಂದ ಬಂದವರು ನಾವು. ಪರದೆಯ ಮೇಲೆ ಬಣ್ಣದಲ್ಲಿ ಬರೆದ ಕಾಡು ನಮಗೆ ಕಾಡೇ, ಅರಮನೆ ಅರಮನೆಯೇ. ನಿಮ್ಮ ಗ್ರಾಫಿಕ್ಸ್ ತೆಳುವಾಗಿದೆ, ಬಿರುಗಾಳಿ ಬೀಸುತ್ತಿರುವ ದೃಶ್ಯದ ಹಿಂದೆ ಬಿಸಿಲು ಕಾಣುತ್ತದೆ ಎಂದೆಲ್ಲ ನಾನು ಆಕ್ಷೇಪ ಎತ್ತುವುದಿಲ್ಲ. ಬಡತನದಲ್ಲಿ ಒಳ್ಳೆಯ ಸಿನಿಮಾ ಮಾಡಬಹುದು ಎಂಬುದಕ್ಕೆ ನಿಮ್ಮ ಕುಲದಲ್ಲೇ ಸಾಕ್ಷಿ ಇದೆ. 1957ರಲ್ಲಿ ಏಡಿಗಳ ಮೇಲೆ, 2010ರಲ್ಲಿ ಅರ್ಧ ಶಾರ್ಕು ಅರ್ಧ ಅಷ್ಟಪದಿಯ ಮೇಲೆ ಚಿತ್ರ ತಯಾರಿಸಿದ ರೋಜರ್ ಕಾರ್ಮನ್ ದುಂದು ಮಾಡದೆಯೇ ಬದುಕಿಡೀ ಸಿನಿಮಾ ಮಾಡಿ, 2024ರಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಂಪನಿಯ 1978ರ ‘ಪಿರಾನ’ ಜೋ ಡಾಂಟೆ ನಿರ್ದೇಶಿಸಿದ್ದು, ಜಾನ್ ಸೇಲ್ಸ್ ಬರೆದದ್ದು. ವಿಯೆಟ್ನಾಮಿನ ನದಿಗಳಿಗೆ ಬಿಡಲೆಂದು ಸೈನ್ಯ ಬೆಳೆಸಿದ ಮೀನುಗಳು ತಮ್ಮದೇ ದೇಶದ ಹೊಳೆಗೆ ಇಳಿಯುವ ಕಥೆ ಅದು. ದುಡ್ಡು ಕಡಿಮೆ, ತಲೆ ಜಾಸ್ತಿ.

ಹಾಗಾದರೆ ತಪ್ಪಿದ್ದು ಎಲ್ಲಿ? ನಿಮ್ಮ ಶಾರ್ಕನ್ನೇ ನೋಡಿ. ಅದು ಗುಡುಗುತ್ತದೆ, ಹೂಂಕರಿಸುತ್ತದೆ. ಶಾರ್ಕಿಗೆ ಧ್ವನಿ ಹೊರಡಿಸುವ ಅಂಗವೇ ಇಲ್ಲ. ದೊಡ್ಡ ಬಿಳಿ ಶಾರ್ಕ್ ಉಸಿರಾಡಬೇಕಾದರೆ ಈಜುತ್ತಲೇ ಇರಬೇಕು. ಬಾಯಿಂದ ಒಳಹೊಕ್ಕ ನೀರು ಕಿವಿರುಗಳ ಮೇಲೆ ಹರಿಯುತ್ತಿರಬೇಕು. ಗಾಳಿಗೆ ಬಂದರೆ ಅದು ಕಚ್ಚುವುದಿರಲಿ, ಬದುಕಲು ಒದ್ದಾಡುತ್ತದೆ. ಇಷ್ಟನ್ನೂ ನೀವು ಮರೆಯಿರಿ, ಅಡ್ಡಿಯಿಲ್ಲ. ಆದರೆ ಅದರ ಬಳಿ ಇರುವುದನ್ನಾದರೂ ಬಳಸಿಕೊಳ್ಳಬಾರದೇ? ಶಾರ್ಕಿನ ಮೂತಿಯ ಮೇಲೆ ಸಣ್ಣಸಣ್ಣ ರಂಧ್ರಗಳಿವೆ. ಅವುಗಳೊಳಗೆ ಲೋಳೆ ತುಂಬಿದ ನಾಳಗಳು. ಬೇರೆ ಜೀವಿಗಳ ಸ್ನಾಯುಗಳು ಮಿಡಿದಾಗ ನೀರಿನಲ್ಲಿ ಹರಿಯುವ ಅತ್ಯಲ್ಪ ವಿದ್ಯುತ್ತನ್ನು ಅವು ಗ್ರಹಿಸುತ್ತವೆ. ಮರಳಿನಡಿ ಹೂತುಕೊಂಡು ಅಲ್ಲಾಡದೆ ಮಲಗಿದ ಮೀನನ್ನೂ ಅದು ಹುಡುಕಿ ತೆಗೆಯುತ್ತದೆ. ಕತ್ತಲೆ ನೀರು, ದೀಪ ಆರಿಹೋಗಿದೆ, ಉಸಿರು ಬಿಗಿಹಿಡಿದು ಬಂಡೆಯ ಸಂದಿಯಲ್ಲಿ ಒಬ್ಬಳು ಅಡಗಿದ್ದಾಳೆ. ಅವಳ ಎದೆಬಡಿತವೇ ಅವಳನ್ನು ಹಿಡಿದುಕೊಡುತ್ತದೆ. ಈ ದೃಶ್ಯಕ್ಕೆ ಬಿರುಗಾಳಿ ಬೇಡ, ಗರಗಸ ಬೇಡ. ಒಂದು ಈಜುಕೊಳ, ಒಬ್ಬ ನಟಿ, ಒಂದು ರಾತ್ರಿ ಸಾಕು. ಇದು ನಿಮ್ಮ ಬಜೆಟ್ಟಿಗೆ ಹೇಳಿ ಮಾಡಿಸಿದ ದೃಶ್ಯ. ಆರು ಭಾಗಗಳಲ್ಲಿ ಇಂಥದ್ದೊಂದು ನನಗೆ ಸಿಗಲಿಲ್ಲ.

ನಿಮಗಿಂತ ಹಿಂದೆ ಇದೇ ಕಸುಬು ಮಾಡಿದವರು ಹೀಗಿರಲಿಲ್ಲ ಎಂಬುದು ನನ್ನ ತಕರಾರಿನ ತಿರುಳು. 1970ರ ದಶಕದಲ್ಲಿ ಅಮೆರಿಕದ ಮೂರು ದೊಡ್ಡ ಟಿವಿ ಜಾಲಗಳು ನಿಮ್ಮಷ್ಟೇ ಆತುರದಲ್ಲಿ ಪ್ರಾಣಿಭಯದ ಚಿತ್ರಗಳನ್ನು ಮಾಡುತ್ತಿದ್ದವು. 1976ರಲ್ಲಿ ಎನ್‌ಬಿಸಿಯಲ್ಲಿ ಬಂದ ‘ದಿ ಸ್ಯಾವೇಜ್ ಬೀಸ್’ ತೆಗೆದುಕೊಳ್ಳಿ. ನ್ಯೂ ಆರ್ಲಿಯನ್ಸ್ ನಗರದಲ್ಲಿ ಮಾರ್ಡಿ ಗ್ರಾ ಜಾತ್ರೆಯ ಸಮಯ. ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಹಡಗಿನಲ್ಲಿ ಜೇನುಹುಳುಗಳು ಬಂದಿಳಿಯುತ್ತವೆ. ಕೊನೆಯ ದೃಶ್ಯವನ್ನು ಕಣ್ಣಿಗೆ ತಂದುಕೊಳ್ಳಿ. ಒಂದು ಸಣ್ಣ ಫೋಕ್ಸ್‌ವ್ಯಾಗನ್ ಕಾರು. ಗಾಜು, ಬಾಗಿಲು, ಚಾವಣಿ ಎಲ್ಲವನ್ನೂ ಜೇನುಹುಳುಗಳು ಮುತ್ತಿಕೊಂಡಿವೆ. ಒಳಗೆ ಒಬ್ಬ ಹೆಂಗಸು. ಕಾರು ಆಮೆಯ ಹಾಗೆ ತೆವಳುತ್ತ ಊರಿನ ಸೂಪರ್‌ಡೋಮ್ ಕ್ರೀಡಾಂಗಣದೊಳಕ್ಕೆ ಹೋಗುತ್ತದೆ. ಅಲ್ಲಿ ಹವಾನಿಯಂತ್ರಣ ಯಂತ್ರಗಳನ್ನು ಪೂರ್ತಿ ತಿರುಗಿಸಿಟ್ಟು ಇಡೀ ಕಟ್ಟಡವನ್ನು ತಣ್ಣಗೆ ಮಾಡುತ್ತಿದ್ದಾರೆ. ಚಳಿ ಏರಿದಂತೆ ಹುಳುಗಳು ಮಂಕಾಗುತ್ತವೆ. ಬಾಂಬಿಲ್ಲ, ಬೆಂಕಿಯಿಲ್ಲ. ಜೇನುಹುಳುವಿನ ಮೈ ತಣ್ಣಗಾದರೆ ಅದು ಹಾರಲಾರದು ಎಂಬ ಒಂದೇ ಒಂದು ನಿಜದ ಮೇಲೆ ಇಡೀ ಸಿನಿಮಾದ ಅಂತ್ಯ ನಿಂತಿದೆ.

ಆ ಚಿತ್ರದ ಭಯವೂ ಗಾಳಿಯಿಂದ ಹುಟ್ಟಿದ್ದಲ್ಲ. ವಾರ್ವಿಕ್ ಕೆರ್ ಎಂಬ ಬ್ರೆಜಿಲಿನ ತಳಿವಿಜ್ಞಾನಿ, ಬಿಸಿಲುನಾಡಿಗೆ ಒಗ್ಗುವ ಜೇನುತಳಿ ಬೇಕೆಂದು 1956ರಲ್ಲಿ ಆಫ್ರಿಕಾದಿಂದ ರಾಣಿಹುಳುಗಳನ್ನು ತರಿಸಿದ್ದರು. 1957ರಲ್ಲಿ ರಿಯೊ ಕ್ಲಾರೊ ಬಳಿಯ ಪೆಟ್ಟಿಗೆಗಳಿಂದ 26 ಹಿಂಡುಗಳು ತಪ್ಪಿಸಿಕೊಂಡವು. ಅವು ಸ್ಥಳೀಯ ಹುಳುಗಳೊಂದಿಗೆ ಬೆರೆತು ಉತ್ತರಕ್ಕೆ ಹರಡುತ್ತ 1990ರ ಅಕ್ಟೋಬರಿನಲ್ಲಿ ಟೆಕ್ಸಾಸ್ ತಲುಪಿದವು. ಒಂದು ಹುಳುವಿನ ವಿಷ ಸಾಮಾನ್ಯ ಜೇನಿಗಿಂತ ಹೆಚ್ಚೇನಲ್ಲ. ಗೂಡಿಗೆ ಅಪಾಯ ಬಂತೆಂದರೆ ನೂರಾರು ಒಟ್ಟಿಗೆ ಎದ್ದು ದೂರದವರೆಗೆ ಅಟ್ಟಿಸಿಕೊಂಡು ಬರುತ್ತವೆ, ಅಷ್ಟೆ ವ್ಯತ್ಯಾಸ. ಹೆಜ್ಜೇನಿನ ಕೆಳಗೆ ಹೊಗೆ ಹಾಕಿ ಓಡಿದವರಿಗೆ, ದೇವಸ್ಥಾನದ ಗೋಪುರದಿಂದ ಎದ್ದ ಹೆಜ್ಜೇನು ನೋಡಿ ಪಂಚೆ ತಲೆಗೆ ಸುತ್ತಿಕೊಂಡವರಿಗೆ ನಮ್ಮಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಮಾತು. ಬ್ರೆಜಿಲಿನ ರೈತರು ಕ್ರಮೇಣ ಆ ಹುಳುಗಳ ಜೊತೆ ಬದುಕುವುದನ್ನು ಕಲಿತರು. ಬೇರೆಡೆ ಜೇನುಸಾಕಣೆಯನ್ನೇ ಹಾಳುಗೆಡವಿದ ವರೋವ ಎಂಬ ನುಸಿಯನ್ನು ಆ ತಳಿ ಚೆನ್ನಾಗಿ ತಡೆದುಕೊಳ್ಳುತ್ತದೆ. ಬ್ರೆಜಿಲ್ ಇಂದು ದೊಡ್ಡ ಪ್ರಮಾಣದಲ್ಲಿ ಜೇನುತುಪ್ಪ ರಫ್ತು ಮಾಡುವ ದೇಶ. ಕೊಲೆಗಡುಕ ಎನ್ನಿಸಿಕೊಂಡ ಹುಳು ಒಂದು ದೇಶದ ಅನ್ನಕ್ಕೆ ದಾರಿಯಾದ ಈ ಕಥೆಯನ್ನು ನಿಮ್ಮಲ್ಲಿ ಯಾರೂ ಮುಟ್ಟಿಲ್ಲ.

1977ರ ಡಿಸೆಂಬರಿನಲ್ಲಿ ಎಬಿಸಿಯಲ್ಲಿ ಬಂದ ‘ಇಟ್ ಹ್ಯಾಪನ್ಡ್ ಅಟ್ ಲೇಕ್‌ವುಡ್ ಮ್ಯಾನರ್’ ಇನ್ನೂ ಚಿಕ್ಕ ಚಿತ್ರ. ಹಳೆಯ ಹೋಟೆಲೊಂದರ ಪಕ್ಕ ಮಣ್ಣು ಅಗೆಯುವಾಗ ಇರುವೆಗಳ ಗೂಡು ಒಡೆಯುತ್ತದೆ. ವರ್ಷಗಟ್ಟಲೆ ಕೀಟನಾಶಕ ಉಂಡು ಅವು ವಿಷವಾಗಿವೆ. ಕೊನೆಗೆ ಒಂದು ಕೋಣೆಯಲ್ಲಿ ಸಿಕ್ಕಿಬಿದ್ದವರಿಗೆ ಉಳಿಯುವ ದಾರಿ ಒಂದೇ: ಅಲ್ಲಾಡದೆ ಕೂರುವುದು. ಗೋಡೆಯ ಅಲಂಕಾರದ ಕಾಗದವನ್ನು ಹರಿದು ಕೊಳವೆ ಸುತ್ತಿ, ಬಾಯಿಗಿಟ್ಟುಕೊಂಡು, ಅದರ ಮೂಲಕ ಮೆಲ್ಲಗೆ ಉಸಿರಾಡುತ್ತ ಅವರು ಕೂತಿದ್ದಾರೆ. ಕೈ, ಕತ್ತು, ಮುಖದ ಮೇಲೆ ಇರುವೆಗಳು ಹರಿದಾಡುತ್ತಿವೆ. ರೆಪ್ಪೆ ಕೂಡ ಬಡಿಯುವಂತಿಲ್ಲ. ಇರುವೆಗೂಡಿನ ಹತ್ತಿರ ಕೂತು ಆಡಿದ ಯಾವ ಮಗುವಿಗೂ ಗೊತ್ತು, ಉಸಿರು ತಗುಲಿದರೆ, ನೆಲ ಅದುರಿದರೆ ಅವು ಕೆರಳುತ್ತವೆ. ಅದನ್ನು ಗಮನಿಸಿದ ಒಬ್ಬ ಚಿತ್ರಕಥೆಗಾರ, ಸುರುಳಿ ಸುತ್ತಿದ ಒಂದು ಕಾಗದ. ಖರ್ಚು ಎಷ್ಟು ಬಂದೀತು? ನಾನು ನೋಡಿದ ಭಯದ ದೃಶ್ಯಗಳಲ್ಲಿ ಇದಕ್ಕೆ ಮೊದಲ ಸಾಲಿನಲ್ಲಿ ಜಾಗ ಕೊಡುತ್ತೇನೆ. ಅದೇ ವರ್ಷ ಸಿಬಿಎಸ್‌ನಲ್ಲಿ ಬಂದ ‘ಟರಾಂಟುಲಾಸ್: ದಿ ಡೆಡ್ಲಿ ಕಾರ್ಗೊ’ದಲ್ಲಿ ಜೇಡಗಳನ್ನು ನಿಶ್ಚಲಗೊಳಿಸುವುದು ಅವುಗಳ ನಿಜವಾದ ಶತ್ರುವಾದ ಕಣಜದ ಝೇಂಕಾರ. ಆ ಕಣಜ ಇರುವುದು ನಿಜ, ಅದು ದೈತ್ಯ ಜೇಡವನ್ನು ಚುಚ್ಚಿ ಮರಗಟ್ಟಿಸಿ ಅದರ ಮೈಮೇಲೆ ಮೊಟ್ಟೆಯಿಡುವುದು ನಿಜ. ಧ್ವನಿವರ್ಧಕದ ಸದ್ದಿಗೇ ಜೇಡ ಮರಗಟ್ಟುವುದು ಕಲ್ಪನೆ. ಒಂದು ನಿಜದ ಮೇಲೆ ಒಂದು ಸುಳ್ಳು ಕಟ್ಟಿದ್ದಾರೆ. ಕಥೆ ಹೇಳುವವರಿಗೆ ಅಷ್ಟು ಹಕ್ಕಿದೆ.

ಅವರಿಗೆ ಇದೆಲ್ಲ ಹೊಳೆದದ್ದು ಹೇಗೆ? ಅವರು ನಿಮಗಿಂತ ದೊಡ್ಡ ಕಲಾವಿದರೇನೂ ಆಗಿರಲಿಲ್ಲ. ಆದರೆ ಅವರ ಸೆಟ್ಟಿನಲ್ಲಿ ಜೀವಂತ ಪ್ರಾಣಿ ಇರುತ್ತಿತ್ತು. ಜೇಡ ನಿರ್ದೇಶಕನ ಮಾತು ಕೇಳುವುದಿಲ್ಲ. ಅದು ಹೋಗುವ ಕಡೆಗೇ ಕ್ಯಾಮೆರಾ ತಿರುಗಬೇಕು. ಜೇನು ಬೆಳಕಿಗೆ, ಬಿಸಿಗೆ, ವಾಸನೆಗೆ ಹೇಗೆ ನಡೆದುಕೊಳ್ಳುತ್ತದೆಂದು ಬಲ್ಲವರು ಪಕ್ಕದಲ್ಲಿರಬೇಕು. 1992ರ ‘ಕ್ಯಾಂಡಿಮ್ಯಾನ್’ ಚಿತ್ರಕ್ಕೆ ಜೇನು ಒದಗಿಸಿದ ನಾರ್ಮನ್ ಗ್ಯಾರಿ ವಿಶ್ವವಿದ್ಯಾಲಯದ ಕೀಟವಿಜ್ಞಾನಿ. ನೋಡಲು ಬಲಿತಂತೆ ಕಂಡರೂ ಮುಳ್ಳಿನ್ನೂ ಬಲಿಯದ, ಹುಟ್ಟಿ ಕೆಲವೇ ಗಂಟೆಗಳಾದ ಹುಳುಗಳನ್ನು ಅವರು ಬಳಸಿದರು.

ಜೀವಂತ ಪ್ರಾಣಿಗಳ ಆ ಕಾಲಕ್ಕೆ ಹಿಂತಿರುಗಿ ಎಂದು ನಾನು ಹೇಳುತ್ತಿಲ್ಲ. 1977ರಲ್ಲಿ ಚಿತ್ರಮಂದಿರಗಳಿಗೆ ಬಂದ ‘ಕಿಂಗ್‌ಡಮ್ ಆಫ್ ದಿ ಸ್ಪೈಡರ್ಸ್’ಗೆ 5,000 ಜೀವಂತ ಟರಾಂಟುಲಾಗಳನ್ನು ತರಿಸಿದ್ದರು. ನಟರ ಕಾಲಡಿ, ಕಾರಿನ ಚಕ್ರದಡಿ ಅವು ಸತ್ತದ್ದು ಪರದೆಯ ಮೇಲೇ ಕಾಣುತ್ತದೆ. ಆ ದೃಶ್ಯಗಳು ಬಂದಾಗ ನಾನು ಮುಖ ತಿರುಗಿಸುತ್ತೇನೆ. ಕಂಪ್ಯೂಟರ್ ಬಂದು ಆ ಹಿಂಸೆ ತಪ್ಪಿತು; ಅದಕ್ಕೆ ನಿಮಗೂ ನಿಮ್ಮ ಗ್ರಾಫಿಕ್ಸ್ ಹುಡುಗರಿಗೂ ಕೈಮುಗಿಯುತ್ತೇನೆ. ಆದರೆ ಪ್ರಾಣಿಯ ಮೈ ಸೆಟ್ಟಿನಿಂದ ಹೊರಗೆ ಹೋದ ದಿನ ಅದರ ನಡೆ, ಸ್ವಭಾವ, ಮಿತಿಗಳೂ ಹೋದವು. ಹೋಗಬೇಕಿರಲಿಲ್ಲ.

ಇದರಿಂದ ಯಾರಿಗೇನು ನಷ್ಟ ಎಂದು ನೀವು ಕೇಳಬಹುದು. ಉತ್ತರ ‘ಜಾಸ್’ ಚಿತ್ರದಲ್ಲಿದೆ. 1975ರ ಆ ಸಿನಿಮಾದ ಯಂತ್ರದ ಶಾರ್ಕ್ ಉಪ್ಪುನೀರಿನಲ್ಲಿ ಮತ್ತೆಮತ್ತೆ ಕೆಟ್ಟು, ನಿರ್ದೇಶಕ ಸ್ಪೀಲ್‌ಬರ್ಗ್ ಅದನ್ನು ತೋರಿಸದೆಯೇ ಹೆದರಿಸುವ ದಾರಿ ಹುಡುಕಬೇಕಾಯಿತು. ಕಲೆಗೆ ಅದರಿಂದ ಒಳ್ಳೆಯದಾಯಿತು. ಶಾರ್ಕಿಗೆ ಆಗಲಿಲ್ಲ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಶಾರ್ಕ್ ಬೇಟೆಯ ಸ್ಪರ್ಧೆಗಳಿಗೆ ಹುರುಪು ಬಂತು. ಕೊಂದ ಶಾರ್ಕಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದು ಗಂಡಸುತನವಾಯಿತು. ಮೂಲ ಕಾದಂಬರಿ ಬರೆದ ಪೀಟರ್ ಬೆಂಚ್ಲಿ, ಈಗ ಗೊತ್ತಿರುವುದು ಆಗ ಗೊತ್ತಿದ್ದರೆ ಅದನ್ನು ಬರೆಯಲಾಗುತ್ತಿರಲಿಲ್ಲ ಎಂದು ಹೇಳಿ, 2006ರಲ್ಲಿ ಸಾಯುವವರೆಗೂ ಶಾರ್ಕ್ ಉಳಿಸಿ ಎಂದು ಓಡಾಡಿದರು. 2022ರ ಡಿಸೆಂಬರಿನಲ್ಲಿ ಬಿಬಿಸಿ ರೇಡಿಯೊದಲ್ಲಿ ಸ್ಪೀಲ್‌ಬರ್ಗ್ ಕೂಡ, ಶಾರ್ಕುಗಳ ಸಂಖ್ಯೆ ಕುಸಿದದ್ದರಲ್ಲಿ ತಮ್ಮ ಚಿತ್ರದ ಪಾಲಿರುವುದಕ್ಕೆ ಮನಸಾರೆ ವಿಷಾದಪಟ್ಟರು. ಒಬ್ಬ ಲೇಖಕ, ಒಬ್ಬ ನಿರ್ದೇಶಕ, ತಮಗೆ ಹೆಸರು ತಂದುಕೊಟ್ಟ ಕೃತಿಯ ಬಗ್ಗೆಯೇ ಹೀಗೆ ಮಾತಾಡಬೇಕಾಗಿ ಬಂದದ್ದು ಸಣ್ಣ ಸಂಗತಿಯಲ್ಲ.

ಲೆಕ್ಕ ಹೀಗಿದೆ. ಪ್ರಪಂಚದಲ್ಲಿ ಒಂದು ವರ್ಷಕ್ಕೆ ಕೆರಳಿಸದೆಯೇ ಶಾರ್ಕ್ ಕಚ್ಚುವ ಪ್ರಕರಣಗಳು ಅರುವತ್ತು ಎಪ್ಪತ್ತರ ಆಸುಪಾಸು, ಅದರಲ್ಲಿ ಸಾಯುವವರು ಸಾಮಾನ್ಯವಾಗಿ ಹತ್ತಕ್ಕಿಂತ ಕಡಿಮೆ. ಮೀನುಗಾರಿಕೆಯಲ್ಲಿ ಸಾಯುವ ಶಾರ್ಕುಗಳು 2019ರ ಅಂದಾಜಿನಂತೆ ವರ್ಷಕ್ಕೆ ಸುಮಾರು 8 ಕೋಟಿ. ತೆರೆದ ಸಾಗರದ ಶಾರ್ಕ್ ಮತ್ತು ತೊರಕೆ ಮೀನುಗಳ ಸಂಖ್ಯೆ 1970ರಿಂದೀಚೆಗೆ ಶೇ. 71ರಷ್ಟು ಇಳಿದಿದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಇದಕ್ಕೆಲ್ಲ ನಿಮ್ಮನ್ನು ಹೊಣೆ ಮಾಡುವುದು ಅನ್ಯಾಯ. ರೆಕ್ಕೆಯ ಸಾರಿಗೆ, ಮಾಂಸಕ್ಕೆ, ಬೇರೆ ಮೀನಿಗೆ ಬೀಸಿದ ಬಲೆಗೆ ಸಿಕ್ಕಿ ಅವು ಸಾಯುತ್ತವೆ. ಮಲ್ಪೆ, ಮಂಗಳೂರಿನ ಬಂದರುಗಳಲ್ಲಿ ತಾಟೆ ಎಂದು ಬುಟ್ಟಿಯಲ್ಲಿ ಬರುವುದೂ ಶಾರ್ಕೇ. ಶಾರ್ಕ್ ಹಿಡಿಯುವ ದೇಶಗಳ ಮೊದಲ ಸಾಲಿನಲ್ಲಿ ಭಾರತವೂ ಇದೆ. ಆದರೂ ಒಂದು ಪ್ರಾಣಿ ಉಳಿಯಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ಜನರ ಮನಸ್ಸಿನಲ್ಲಿ ಅದರ ಯಾವ ಚಿತ್ರ ಇದೆ ಎಂಬುದು ಮುಖ್ಯವಾಗುತ್ತದೆ. ಹುಲಿಗೆ, ಆನೆಗೆ ಮರುಗುವ ಮನಸ್ಸು ಶಾರ್ಕಿಗೆ ಮರುಗುವುದಿಲ್ಲ. ಆ ಚಿತ್ರ ಕೆತ್ತುವ ಉಳಿ ನಿಮ್ಮ ಕೈಯಲ್ಲಿದೆ.

ನಿಮ್ಮ ಪರವಾಗಿಯೂ ಒಂದು ಮಾತು ಹೇಳಬೇಕು. ‘ಶಾರ್ಕ್‌ನೇಡೊ’ ಬಂದ ಕೆಲವೇ ವಾರಗಳಲ್ಲಿ, 2013ರ ಆಗಸ್ಟಿನಲ್ಲಿ, ಡಿಸ್ಕವರಿ ಚಾನೆಲ್ ಮೆಗಲಡಾನ್ ಇನ್ನೂ ಬದುಕಿದೆ ಎಂಬ ಕಾರ್ಯಕ್ರಮ ತೋರಿಸಿತು. ಸುಮಾರು 36 ಲಕ್ಷ ವರ್ಷಗಳ ಹಿಂದೆಯೇ ಅಳಿದುಹೋದ ದೈತ್ಯ ಶಾರ್ಕ್ ಅದು. ವಿಜ್ಞಾನಿಗಳಾಗಿ ಮಾತಾಡಿದವರು ನಟರು, ದಾಖಲೆಗಳು ಕಟ್ಟಿದ್ದು. ಇದು ಕಲ್ಪಿತ ಎಂಬ ಸೂಚನೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಯಿತು. ನಲವತ್ತೆಂಟು ಲಕ್ಷ ಜನ ನೋಡಿದರು, ಎಷ್ಟೋ ಮಂದಿ ನಂಬಿದರು. ನೀವು ಎಂದೂ ಹೀಗೆ ಮಾಡಿಲ್ಲ. ನಿಮ್ಮ ಸುಳ್ಳು ತಾನು ಸುಳ್ಳೆಂದು ಮೊದಲ ನಿಮಿಷದಲ್ಲೇ ಹೇಳಿಬಿಡುತ್ತದೆ. ಜ್ಞಾನದ ಅಂಗಿ ತೊಟ್ಟು ಬಂದ ಆ ಸುಳ್ಳಿಗಿಂತ ನಿಮ್ಮದು ಎಷ್ಟೋ ಮರ್ಯಾದಸ್ಥ.

ಈಗ ನೀವು ಕೈಬಿಟ್ಟ ಎರಡು ಕಥೆಗಳನ್ನು ಹೇಳುತ್ತೇನೆ. ಎರಡೂ ನಿಮ್ಮ ಮನೆಬಾಗಿಲಿಗೇ ಬಂದಿದ್ದವು.

2002ರಲ್ಲಿ ಮೇರಿಲ್ಯಾಂಡ್ ರಾಜ್ಯದ ಕ್ರಾಫ್ಟನ್ ಎಂಬ ಊರಿನ ಕೊಳದಲ್ಲಿ ಒಂದು ಅಪರಿಚಿತ ಮೀನು ಸಿಕ್ಕಿತು. ಸ್ನೇಕ್‌ಹೆಡ್, ಚೀನಾ ಕಡೆಯದು. ಕಾಯಿಲೆ ಬಿದ್ದ ತಂಗಿಗೆ ಸಾರು ಮಾಡಿ ಕೊಡಲೆಂದು ಒಬ್ಬ ಮನುಷ್ಯ ಜೀವಂತ ಮೀನು ತಂದಿದ್ದ. ಬಳಸದೆ ಸಾಕಿ, ಕಡೆಗೆ ಕೊಳಕ್ಕೆ ಬಿಟ್ಟಿದ್ದ. ಅದು ಗಾಳಿ ಕುಡಿಯುತ್ತದೆ, ನೆಲದ ಮೇಲೆ ತೆವಳುತ್ತದೆ ಎಂದು ಪತ್ರಿಕೆಗಳು ಊರನ್ನು ನಡುಗಿಸಿದವು. ಆ ಸೆಪ್ಟೆಂಬರಿನಲ್ಲಿ ಕೊಳಕ್ಕೆ ವಿಷ ಹಾಕಿದಾಗ ಸಾವಿರಕ್ಕೂ ಹೆಚ್ಚು ಮರಿಗಳು ತೇಲಿದವು. ಎರಡೇ ವರ್ಷದಲ್ಲಿ, 2004ರಲ್ಲಿ, ‘ಸ್ನೇಕ್‌ಹೆಡ್ ಟೆರರ್’ ಮತ್ತು ‘ಫ್ರಾಂಕನ್‌ಫಿಶ್’ ಸಿದ್ಧವಾದವು. ಒಂದರಲ್ಲಿ ಮೀನು ಹಾರ್ಮೋನು ತಿಂದು ದೈತ್ಯವಾಗುತ್ತದೆ, ಇನ್ನೊಂದರಲ್ಲಿ ಪ್ರಯೋಗಾಲಯದಿಂದ ಬರುತ್ತದೆ. ತಂಗಿಯ ಸಾರಿನ ಕಥೆ ಎರಡರಲ್ಲೂ ಬೇಡವಾಯಿತು. ಈ ಮೀನಿನ ಹತ್ತಿರದ ನೆಂಟರು ನಮ್ಮ ಕೆರೆಗಳಲ್ಲಿದ್ದಾರೆ; ಕೊರಮೀನು ಎಂದು ಆಸೆಪಟ್ಟು ತಿನ್ನುತ್ತೇವೆ. ಕೆರೆಯಲ್ಲಿ ಗಾಳ ಹಾಕುವವರು ನೋಡಿರುತ್ತಾರೆ: ನೀರಿನ ಮೇಲ್ಮೈಯಲ್ಲಿ ಕೆಂಪಗಿನ ಮರಿಗಳ ಉಂಡೆಯೊಂದು ಮಿಸುಕಾಡುತ್ತ ಸಾಗುತ್ತದೆ, ಗುಳುಗುಳು ಗಾಳಿ ತೆಗೆದುಕೊಳ್ಳುತ್ತದೆ. ಅದರ ಕೆಳಗೆ, ಕಣ್ಣಿಗೆ ಕಾಣದ ಆಳದಲ್ಲಿ, ತಂದೆತಾಯಿ ಕಾವಲಿರುತ್ತವೆ. ಮರಿಗಳ ಹತ್ತಿರ ಕೈ ಹೋದರೆ ಕೆಳಗಿನಿಂದ ಏಟು ಬೀಳುತ್ತದೆ. ಒಬ್ಬ ನಿರ್ದೇಶಕನಿಗೆ ಇದಕ್ಕಿಂತ ಒಳ್ಳೆಯ ದೃಶ್ಯ ಬೇಕೇ? ಮೇಲೆ ತೇಲುವ ಕೆಂಪು ಚುಕ್ಕೆ, ಕೆಳಗೆ ಕಾದಿರುವ ತಾಯಿ. ನಮ್ಮ ನೋಟ ಮರಿಗಳ ಮೇಲೆ, ಭಯ ತಾಯಿಯ ಮೇಲೆ, ನ್ಯಾಯವೂ ತಾಯಿಯ ಕಡೆಗೇ.

ಎರಡನೆಯದು ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನ ಕಥೆ. 2011ರಲ್ಲಿ ನೀವು ಅಲ್ಲಿ ನಡೆಯುವ ‘ಮೆಗಾ ಪೈಥಾನ್ ವರ್ಸಸ್ ಗೇಟರಾಯ್ಡ್’ ಮಾಡಿದಿರಿ. ಸ್ಟೆರಾಯ್ಡ್ ತಿಂದ ಮೊಸಳೆಗಳು, ರೈಲಿನಷ್ಟು ಉದ್ದದ ಹೆಬ್ಬಾವುಗಳು. ನಿಜ ಸಂಗತಿ ಹೀಗಿದೆ. ಸಾಕುವ ಶೋಕಿಗೆ ಆಗ್ನೇಯ ಏಷ್ಯಾದಿಂದ ತರಿಸಿದ ಬರ್ಮಾ ಹೆಬ್ಬಾವುಗಳು ತಪ್ಪಿಸಿಕೊಂಡೋ, ಸಾಕಿದವರೇ ಬಿಟ್ಟೋ ಆ ಜೌಗಿನಲ್ಲಿ ನೆಲೆಯಾದವು. 2005ರಲ್ಲಿ ಅಲ್ಲಿ ತೆಗೆದ ಒಂದು ಫೋಟೊದಲ್ಲಿ 13 ಅಡಿಯ ಹೆಬ್ಬಾವು 6 ಅಡಿಯ ಮೊಸಳೆಯನ್ನು ನುಂಗಲು ಹೋಗಿ ಹೊಟ್ಟೆ ಬಿರಿದು ಸತ್ತು ಬಿದ್ದಿದೆ. 2012ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಹೆಬ್ಬಾವುಗಳು ಹೆಚ್ಚಿರುವ ಭಾಗದಲ್ಲಿ ರಕೂನ್‌ಗಳು ಕಾಣಿಸುವುದು ಶೇ. 99ಕ್ಕೂ ಹೆಚ್ಚು ಕಡಿಮೆಯಾಗಿತ್ತು. ರಾತ್ರಿ ಕಾರಿನ ದೀಪದ ಬೆಳಕಿನಲ್ಲಿ ರಸ್ತೆ ದಾಟುತ್ತಿದ್ದ ಸಣ್ಣಪುಟ್ಟ ಪ್ರಾಣಿಗಳು ಇಲ್ಲವೇ ಇಲ್ಲ. ಒಂದು ಕಾಡು ಸದ್ದಿಲ್ಲದೆ ಬರಿದಾಗಿದೆ. ಕೊಲೆಗಾರ ಅಲ್ಲೇ ಹುಲ್ಲಿನೊಳಗೆ ಮಲಗಿದ್ದಾನೆ, ಯಾರಿಗೂ ಕಾಣುವುದಿಲ್ಲ.

2016ರಲ್ಲಿ ಸಾವಿರಕ್ಕೂ ಹೆಚ್ಚು ಜನ ಸ್ಪರ್ಧೆಯಂತೆ ಹುಡುಕಿ ಒಂದು ತಿಂಗಳಲ್ಲಿ ಹಿಡಿದದ್ದು 106 ಹೆಬ್ಬಾವು. 2017ರ ಜನವರಿಯಲ್ಲಿ ತಮಿಳುನಾಡಿನಿಂದ ಹಾವು ಹಿಡಿಯುವ ಇರುಳ ಬುಡಕಟ್ಟಿನ ಇಬ್ಬರು ಅಲ್ಲಿಗೆ ಹೋದರು: ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್. ಅವರ ಜೊತೆ ಹೋದವರು ನಮ್ಮ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ ರೋಮುಲಸ್ ವಿಟೇಕರ್. ಸ್ಥಳೀಯರು ರಸ್ತೆ, ಏರಿಗಳ ಮೇಲೆ ವಾಹನದಲ್ಲಿ ಸುತ್ತಿ ಹುಡುಕುತ್ತಿದ್ದರೆ ಇವರು ಕಾಲ್ನಡಿಗೆಯಲ್ಲಿ ಹುಲ್ಲಿನ ಪೊದೆಗಳೊಳಗೇ ನುಗ್ಗಿದರು. ಹಾವು ಹರಿದ ಗುರುತು, ಅದರ ಹಿಕ್ಕೆ, ಒತ್ತಿದ ಹುಲ್ಲು ನೋಡುತ್ತ ನಡೆದರು. ಎರಡು ವಾರ ತುಂಬುವ ಮೊದಲೇ 13 ಹೆಬ್ಬಾವು ಹಿಡಿದಿದ್ದರು. ಅವುಗಳಲ್ಲಿ ಒಂದು 16 ಅಡಿಯ ಹೆಣ್ಣು. ಇಂಗ್ಲಿಷ್ ಬಾರದ, ಬಡತನದಲ್ಲಿ ಹುಟ್ಟಿದ, ಹಾವನ್ನು ದ್ವೇಷಿಸದ ಇಬ್ಬರು ಭೂಮಿಯ ಇನ್ನೊಂದು ಮಗ್ಗುಲಿಗೆ ಹೋಗಿ ಮಾಡಿದ ಕೆಲಸ ಇದು. ಇವರ ಬುಡಕಟ್ಟಿನವರು 1978ರಲ್ಲಿ ಚೆನ್ನೈ ಬಳಿ ಕಟ್ಟಿಕೊಂಡ ಸಹಕಾರ ಸಂಘ ಹಾವಿನ ವಿಷ ತೆಗೆದು ಔಷಧ ತಯಾರಕರಿಗೆ ಕೊಡುತ್ತದೆ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಯಲ್ಲಿ ಹಾವು ಕಚ್ಚಿದ ರೈತನಿಗೆ ಚುಚ್ಚುವ ಪ್ರತಿವಿಷದ ಹಿಂದೆಯೂ ಇವರ ಕೈಗಳಿವೆ. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ನಿಮಗೆ ಹೆಬ್ಬಾವಿನ ಸಿನಿಮಾಕ್ಕೆ ನಾಯಕರು ಬೇಕಿದ್ದರೆ ಇವರಿಗಿಂತ ಯೋಗ್ಯರು ಯಾರಿದ್ದಾರೆ?

ನಮ್ಮ ಟಿವಿಯವರೂ ಇದರಲ್ಲಿ ಹಿಂದೆ ಬಿದ್ದಿಲ್ಲ, ಒಪ್ಪುತ್ತೇನೆ. ನಮ್ಮ ಧಾರಾವಾಹಿಗಳಲ್ಲಿ ಹಾವು ವರ್ಷಗಟ್ಟಲೆ ಸೇಡು ಕಾಯುತ್ತದೆ, ಬಟ್ಟಲಿನಿಂದ ಹಾಲು ಕುಡಿಯುತ್ತದೆ. ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆ ಎಂಬ ಅಂದಾಜಿದೆ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು. ಸೇಡಿನ ಕಥೆ ಅವರಿಗೆ ಏನೂ ಕಲಿಸುವುದಿಲ್ಲ. ಕಟ್ಟುಹಾವು ರಾತ್ರಿ ಹೊತ್ತು ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ, ನೋವೇ ಗೊತ್ತಾಗದಿರಬಹುದು ಎಂಬ ನಿಜವನ್ನು ಒಂದು ಭಯದ ಸಿನಿಮಾ ಹೇಳಿದ್ದರೆ ಎಷ್ಟೋ ಮನೆಗಳಲ್ಲಿ ಸೊಳ್ಳೆಪರದೆಯ ಅಂಚು ಚಾಪೆಯ ಕೆಳಗೆ ಸಿಕ್ಕಿಸಿರುತ್ತಿದ್ದರು. ಆದ್ದರಿಂದ ಈ ಕಾಗದದ ಒಂದು ಪ್ರತಿ ನಮ್ಮವರಿಗೂ ಸೇರಲಿ.

ನನ್ನ ಕೋರಿಕೆ ದೊಡ್ಡದಲ್ಲ. ಸಿನಿಮಾ ನಿಲ್ಲಿಸಬೇಡಿ, ಖರ್ಚು ಹೆಚ್ಚಿಸಬೇಡಿ. ಶಾರ್ಕಿಗೆ ಮೂರು ತಲೆ ಬೇಕಿದ್ದರೂ ಇಡಿ. ಬರೆಯಲು ಕೂರುವ ಮುನ್ನ ಆ ಪ್ರಾಣಿಯ ಜೊತೆ ಬದುಕು ಕಳೆದ ಒಬ್ಬರನ್ನು, ವಿಜ್ಞಾನಿಯೋ ಮೀನುಗಾರನೋ ಹಾವು ಹಿಡಿಯುವವನೋ, ಕರೆದು ಒಂದು ದಿನ ಕೂರಿಸಿಕೊಳ್ಳಿ. ಅವರ ದಿನಗೂಲಿ ನಿಮ್ಮ ಒಂದು ಸೆಕೆಂಡಿನ ಗ್ರಾಫಿಕ್ಸಿಗಿಂತ ಹೆಚ್ಚಾಗದು. ಗಂಡು ಮೊಸಳೆ ವಸಂತದಲ್ಲಿ ಕೂಗುವ ಮೊದಲು ನಮಗೆ ಕೇಳಿಸದಷ್ಟು ತಗ್ಗಿನ ಸ್ವರದಿಂದ ಅದರ ಬೆನ್ನಿನ ಮೇಲಿನ ನೀರು ಹನಿಹನಿಯಾಗಿ ಕುಣಿಯುತ್ತದೆ ಎಂದು ಅವರು ಹೇಳುತ್ತಾರೆ. ದಕ್ಷಿಣ ಆಫ್ರಿಕಾದ ಗ್ಯಾನ್ಸ್‌ಬೈ ತೀರಕ್ಕೆ 2017ರಲ್ಲಿ ಬಿಳಿ ಶಾರ್ಕುಗಳ ಹೆಣಗಳು ತೇಲಿಬಂದವು, ಓರ್ಕಾ ತಿಮಿಂಗಿಲಗಳು ಅವುಗಳ ಯಕೃತ್ತನ್ನಷ್ಟೇ ಕಿತ್ತು ತಿಂದಿದ್ದವು, ಉಳಿದ ಶಾರ್ಕುಗಳು ಹೆದರಿ ಆ ಕಡಲನ್ನೇ ಬಿಟ್ಟುಹೋದವು ಎಂದು ಹೇಳುತ್ತಾರೆ. ಅದರಲ್ಲಿ ಒಂದೇ ಒಂದು ನಿಜವನ್ನು ಆರಿಸಿ ಚಿತ್ರದ ನಡುವೆ ಇಡಿ. ಸುತ್ತಲಿನ ಸುಳ್ಳೆಲ್ಲ ಅದರ ಬಲದಿಂದ ನಿಲ್ಲುತ್ತದೆ. ನೋಡುವವನು ಹೆದರುತ್ತಾನೆ, ಹೆದರಿದ ಮೇಲೂ ಆ ಪ್ರಾಣಿ ಬದುಕಿರಲಿ ಎಂದುಕೊಳ್ಳುತ್ತಾನೆ.

ಮುಂದಿನ ಚಿತ್ರಕ್ಕೆ ನೀವು ಆರಿಸಿಕೊಂಡ ಪ್ರಾಣಿ ಯಾವುದೇ ಇರಲಿ, ದಯವಿಟ್ಟು ಈ ಒಂದು ದಿನವನ್ನು ಅದಕ್ಕೆ ಕೊಡಿ.

ಇಂತಿ,
ನಿಮ್ಮ ಚಿತ್ರಗಳ ಒಬ್ಬ ಪ್ರೇಕ್ಷಕ